ಹೊರೆ ಇಳಿಸದೆ ಅಳೆ

ಬ್ಯೂಲಾದ ಏರಿನಲ್ಲಿ, ಎರಡನೇ ತಿರುವಿಗೆ,
ಹಿಂದಿನ ಚಕ್ರಗಳು ಕುಪ್ಪಳಿಸಿದವು.
ಜಾರಿದ್ದಲ್ಲ, ಕುಪ್ಪಳಿಸಿದ್ದು,
ದಡ್ ದಡ್ ದಡ್ ಎಂದು,
ಮೂಗುದಾರ ಒಲ್ಲದ ಹೋರಿಯ ಹಾಗೆ.
ಟ್ರೇಲರಿನಲ್ಲಿ ಮೆಣಸಿನಕಾಯಿ ಹುರಿಯುವ ಡ್ರಮ್ಮು
ಗಡಗಡ ನಕ್ಕಿತು.
ಕನ್ನಡಿಯಲ್ಲಿ ನೋಡುತ್ತೇನೆ, ಒಂದು ಚೀಲ ಬಿಚ್ಚಿಕೊಂಡು
ಹಸಿರು ಕಾಯಿ ಇಳಿಜಾರಿಗೆ ಓಡುತ್ತಿವೆ.

ಲೊರೇನ್ ಟಾಫೋಯಾ ಗಾಡಿಯ ಅಡಿಗೆ ಬೆನ್ನ ಮೇಲೆ ಜಾರಿ
ಬಹಳ ಹೊತ್ತು ಏನೂ ಅನ್ನಲಿಲ್ಲ.
ಪ್ಯುಬ್ಲೋದ ಉಕ್ಕಿನ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ಕ್ರೇನ್ ನಡೆಸಿದವಳು,
ಮಾತನ್ನೂ ತೂಗಿಯೇ ಇಳಿಸುತ್ತಾಳೆ.
"ಪಟ್ಟಿಗಳು ಮುರುಟುತ್ತಿವೆ" ಎಂದಳು ಕೊನೆಗೆ.
ಡೀಸೆಲ್ ಎಂಜಿನ್ನು ನೆಲವನ್ನು ಒದೆಯುವ ಮೊದಲು
ಆಕ್ಸಲನ್ನೇ ತಿರುಚುತ್ತದೆ;
ಪಟ್ಟಿ ಹಾವಿನಂತೆ ಡೊಂಕಾಗಿ, ತಾಳಲಾರದೆ
ಥಟ್ಟನೆ ನೆಟ್ಟಗಾಗುತ್ತದೆ.
ಆ ನೆಟ್ಟಗಾಗುವುದೇ ಕುಪ್ಪಳಿಕೆ.

ನಮ್ಮಲ್ಲಿ ಅದಕ್ಕೆ ಕಮಾನು ಅನ್ನುತ್ತೇವೆ, ಎಂದೆ.
ಹರಿಹರದ ಬೈಪಾಸಿನಲ್ಲಿ ಮಾಮು ಅಲ್ಲಾಬಕ್ಷ
ಲಾರಿಯ ಕಮಾನು ಬಡಿಯುತ್ತಿದ್ದ.
ದುಡ್ಡಿನ ಮಾತಿಗೆ ಮೊದಲು ಕೇಳುತ್ತಿದ್ದ:
ಎಷ್ಟು ಟನ್ನು? ಯಾವ ದಾರಿ?
ಕುಪ್ಪಳಿಸುವ ರೋಗ ಮಾತ್ರ ಅವನು ಕಂಡಿರಲಿಲ್ಲ;
ಆ ಲಾರಿಗಳಿಗೆ ಇಷ್ಟು ಸೊಕ್ಕು ಇರಲಿಲ್ಲ.

ಸಿದ್ಧ ಸರಳುಗಳು ಅಂಗಡಿಯಲ್ಲಿ ಸಿಗುತ್ತವೆ,
ಕೆಂಪು ಬಳಿದದ್ದು, ಬೋಲ್ಟು ಬಿಗಿದರಾಯಿತು,
ಏಳು ನೂರು ಡಾಲರು.
ನನ್ನ ಡ್ರಮ್ಮಿನ ಸಾಲವೇ ಇನ್ನೂ ತೀರಿಲ್ಲ.
ಲೊರೇನಳ ಹಿತ್ತಲಲ್ಲಿ ಕಾಲಿಂಚು ದಪ್ಪದ ಕೊಳವೆ ಬಿದ್ದಿತ್ತು;
ಯಾರದೋ ಹೊಸ ಮನೆಗೆ ಗೇಟಾಗಬೇಕಿದ್ದದ್ದು,
ಮದುವೆ ಮುರಿದು ಗೇಟೂ ನಿಂತುಹೋಯಿತಂತೆ.

ಅಳೆಯಲೆಂದು ನಾನು ಜಾಕಿ ಏರಿಸಿದ್ದೆ.
"ಜಾಕಿಯ ಮೇಲೆ ಅಳೆದದ್ದು ಜಾಕಿಗೇ ಸರಿ.
ಇಳಿಸು. ಚೀಲ ಹೇರು."
ಹದಿನೆಂಟು ಚೀಲ ಹೇರಿ, ಟ್ರೇಲರ್ ಕೊಕ್ಕೆಗೆ ಸಿಕ್ಕಿಸಿದೆ.
ಗಾಡಿ ತನ್ನ ದಿನನಿತ್ಯದ ಭಾರಕ್ಕೆ
ಉಸ್ಸೆಂದು ಕುಗ್ಗಿ ನಿಂತಿತು.
ಆಗ ಟೇಪು ಬಿಚ್ಚಿದಳು.
ನಲವತ್ತೊಂಬತ್ತೂ ಕಾಲು ಎಂದು
ಸಿಮೆಂಟಿನ ಮೇಲೆ ಬಳಪದಲ್ಲಿ ಬರೆದಳು,
ಮೊಮ್ಮಗಳ ಕುಂಟೆಬಿಲ್ಲೆ ಚೌಕದೊಳಗೇ.

ಮುಂದಿನ ತುದಿಗೆ ತೂಗುವ ಕೊಂಡಿ ಇರಲಿ ಎಂದಿದ್ದಳು.
ನನಗೆ ಕೇಳಿಸಲಿಲ್ಲ.
ಕೇಳಿಸಿತ್ತು.
ಭಾನುವಾರ ಒಬ್ಬನೇ ಕೂತು
ಎರಡೂ ತುದಿ ಅಲುಗದಂತೆ ಬಿಗಿದುಬಿಟ್ಟೆ.
ರೈಲು ಹಳಿ ದಾಟುವಾಗ ಗಾಡಿ ಹಲಗೆಯಂತೆ ಬಡಿಯಿತು,
ನಾಲಿಗೆ ಕಚ್ಚಿಕೊಂಡೆ,
ಎಡಗಡೆ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು.

ಅವಳು ಬಿರುಕಿನ ಮೇಲೆ ಉಗುರು ಎಳೆದಳು.
"ತಿರುಚಬಾರದು ಅಂದೆ.
ಏರಿಳಿಯಬಾರದು ಅನ್ನಲಿಲ್ಲ."
ಅಷ್ಟೇ. ಗ್ರೈಂಡರು ಕೈಗೆ ಕೊಟ್ಟಳು.
ಕಿಡಿ ಹಾರಿ ತೋಳಿನ ಕೂದಲು ಸುಟ್ಟ ವಾಸನೆಗೆ
ಒಂದು ಕ್ಷಣ ಹರಿಹರ.

ಗುರುವಾರ ಮತ್ತೆ ಬ್ಯೂಲಾ, ಮತ್ತೆ ಎರಡನೇ ತಿರುವು.
ಪೆಡಲು ಒತ್ತಿದೆ.
ಗರಸು ಕಲ್ಲನ್ನು ಚಕ್ರ ಕಚ್ಚಿತು.
ಏನೂ ಆಗಲಿಲ್ಲ.
ಏನೂ ಆಗದಿರಲೆಂದು ಎರಡು ವಾರ,
ತೊಂಬತ್ತು ಡಾಲರು, ಒಂದು ನಾಲಿಗೆ.

ಬಲಗಡೆ ಬುಷ್ ಮಾತ್ರ ಕೀಚ್ ಎನ್ನುತ್ತಿದೆ,
ಗ್ರೀಸು ಕಾಣಿಸಬೇಕು.
ಲೊರೇನಳಿಗೆ ಒಂದು ಚೀಲ ಹುರಿದ ಕಾಯಿ ತೆಗೆದಿಟ್ಟಿದ್ದೇನೆ,
ಖಾರ ಕಡಿಮೆಯದ್ದು.
ಕಾದ ಉಕ್ಕಿನ ಮೇಲೆ ಅಷ್ಟು ವರ್ಷ ತೂಗಾಡಿದವಳು
ಮೆಣಸಿನಕಾಯಿಗೆ ಹೆದರುತ್ತಾಳೆ,
ಯಾರಿಗೂ ಹೇಳಬೇಡ ಎಂದಿದ್ದಾಳೆ.